ಲಾಯಿಲದ ಶೀಟಿನಡಿ ನನ್ನ ಹೊಲಿಗೆ ಮಷೀನು

ನಲವತ್ತೆರಡು ಸಾವಿರ ರೂಪಾಯಿ ಕೊಟ್ಟು ನಾನು ನನ್ನ ಹೊಸ ಮನೆಗೆ ಕತ್ತಲೆ ಹಾಕಿಸಿಕೊಂಡೆ. ಕಾರಣ ಮಳೆ. ಬೆಳ್ತಂಗಡಿ ಪಕ್ಕದ ಈ ಲಾಯಿಲದಲ್ಲಿ ಜನ ಆರ್‌ಸಿಸಿ ಮನೆ ಕಟ್ಟುತ್ತಾರೆ, ಆಮೇಲೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಅದಕ್ಕೆ ಇನ್ನೊಂದು ತಗಡಿನ ಮಾಡು ಹೊದಿಸುತ್ತಾರೆ. ಮೊದಲು ನೋಡಿದಾಗ, ಇವರು ಛತ್ರಿಗೂ ಛತ್ರಿ ಹಿಡಿಯುವವರು ಎಂದು ನಕ್ಕಿದ್ದೆ.

ನಮ್ಮ ಲಕ್ಷ್ಮೇಶ್ವರದಲ್ಲಿ ಮಾಳಿಗೆ ಎಂದರೆ ಸಂಡಿಗೆ ಒಣಗಿಸುವ ಜಾಗ. ನಡುವೆ ಒಂದು ಬೆಳಕಿಂಡಿ ಇದ್ದರೆ ಕೆಳಗೆ ಹಗಲು ದೀಪ ಬೇಡ. ಗಂಡನ ಕೆಲಸದ ಜೊತೆ ತೊಂಬತ್ತೆಂಟರಲ್ಲಿ ಇಲ್ಲಿಗೆ ಬಂದೆ. ಬಾಡಿಗೆ ಮನೆಯ ಜಗಲಿಯಲ್ಲಿ ಹೊಲಿದ ದುಡ್ಡೂ ಸೇರಿಯೇ ಈ ಮನೆ ಎದ್ದದ್ದು. ಹಾಗಾಗಿ ಹೊಲಿಗೆ ಕೋಣೆಯ ಮೇಲೆ ಹಟ ಹಿಡಿದು ಬೆಳಕಿಂಡಿ ಬಿಡಿಸಿ ಗಾಜು ಕೂರಿಸಿದೆ. ಮೊದಲ ಜೂನ್‌ನಲ್ಲೇ ಗಾಜಿನ ಅಂಚಿನಿಂದ ನೀರಿಳಿಯಿತು. ಮಷೀನು ಸರಿಸಿ ಬಕೆಟ್ ಇಟ್ಟೆ.

ಮರುಬೇಸಿಗೆಗೆ ನಾನೂ ತಾರಸಿಗೆ ತಗಡಿನ ಶೀಟು ಹಾಕಿಸಲು ವೆಲ್ಡಿಂಗ್‌ನ ವಿಶ್ವನಾಥನನ್ನು ಕರೆಸಿದೆ.

"ಶೀಟು ಗೋಡೆಯಿಂದ ಸುತ್ತ ಎರಡಡಿ ಹೊರಗೆ ಬಂದ್ರೆ ಸಾಕಕ್ಕ."

"ಅದೇ ರೇಟಿಗೆ ನಾಲ್ಕಡಿ ಮಾಡ್ರಿ. ಇಲ್ಲಾಂದ್ರ ಪುಂಜಾಲಕಟ್ಟೆಯವ್ರನ್ನ ಕರಸ್ತೀನಿ."

ಒಪ್ಪಿದ. ಗೆದ್ದೆನೆಂದು ಚಹಾ ಕುಡಿಸಿ ಕಳಿಸಿದೆ.

ಸೋರುವುದು ನಿಂತಿತು. ಆದರೆ ಬೆಳಕಿಂಡಿಯ ಮೇಲೆ ತಗಡು ಕೂತಿತು; ಇಳಿಜಾರಾಗಿ ತಗ್ಗಿ ಬಂದ ನಾಲ್ಕಡಿ ಅಂಚು ಪೂರ್ವದ ಕಿಟಕಿಗೆ ಅಡ್ಡವಾಯಿತು. ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟು! ವಾರದೊಳಗೆ ಪಕ್ಕದ ಮನೆಯ ಮೈಮೂನಕ್ಕ ಬಂದರು. ನನಗೆ ಅರ್ಧ ಗಿರಾಕಿಗಳನ್ನು ತಂದುಕೊಟ್ಟವರೇ ಅವರು. ನಾನು ಹೊಲಿದುಕೊಟ್ಟಿದ್ದ, ಮಗಳ ಮದುವೆಯ ಚೂಡಿದಾರವನ್ನು ಅಂಗಳದ ಬಿಸಿಲಿಗೆ ಹಿಡಿದರು.

"ಇದೆಂಥದು ಮಾರಾಯ್ತಿ? ಕಡುನೀಲಿ ಬಟ್ಟೆಗೆ ಕಪ್ಪು ದಾರ! ಮದುವೆಗೆ ಹೊಲಿದದ್ದೋ, ಗೋಣಿ ಹೊಲಿದದ್ದೋ?"

ಒಳಗೆ ಎರಡೂ ಒಂದೇ ಬಣ್ಣ ಕಂಡಿದ್ದವು.

"ಇನ್ನು ನಾಲ್ಕು ಜನ ಬಟ್ಟೆ ಕೊಡ್ಲಿಕ್ಕೆ ಉಂಟು. ಹೀಗಾದ್ರೆ ನಾನು ಯಾವ ಮುಖದಲ್ಲಿ ಹೇಳುವುದು?"

ಅಂಗಳದಲ್ಲೇ ಕೂತು ಬಿಚ್ಚಿದೆ, ನೀಲಿ ದಾರದಲ್ಲಿ ಮತ್ತೆ ಹೊಲಿದೆ. ಮಾರನೆಯ ದಿನವೇ ವಿಶ್ವನಾಥನನ್ನು ಮತ್ತೆ ಕರೆಸಿದೆ.

"ಆಗ ನಾಲ್ಕಡಿ ಕೇಳಿದ್ದು ಯಾರು? ನಾನಾ?"

"ನಾನ. ಈಗ ಪೂರ್ವಕ್ಕ ಎರಡಡಿ ಕತ್ತರಸ್ರಿ. ತುಂಡು ನೀವ ಒಯ್ರಿ, ಕೂಲಿಗೆ ಸರಿಹೋತು."

"ನೀವು ಬಿಡುವ ಜನ ಅಲ್ಲ ಮಾರಾಯ್ರೆ!"

ಅಂಚು ಕತ್ತರಿಸಿದ; ಬೆಳಕಿಂಡಿಯ ನೇರಕ್ಕೆ ತಗಡು ತೆಗೆದು, ಬೇರೆ ದುಡ್ಡು ತೆಗೆದುಕೊಂಡು ಎರಡು ಪಾರದರ್ಶಕ ಫೈಬರ್ ಶೀಟು ಹಾಕಿದ. ಹಗಲು ಮತ್ತೆ ಮಷೀನಿನ ಮೇಲೆ ಬಿತ್ತು. ಮೈಮೂನಕ್ಕ ಒಳಗೆ ಬಂದು, ದಾರದ ಉಂಡೆಗಳನ್ನು ತಾವೇ ತಿರುಗಿಸಿ ನೋಡಿ, ನಾಲ್ವರ ಬಟ್ಟೆಯನ್ನೂ ಇಟ್ಟುಹೋದರು.

ಈಗ ಲಕ್ಷ್ಮೇಶ್ವರಕ್ಕೆ ಹೋದರೆ ತವರಿನ ಮಾಳಿಗೆ ಬೋಳು ಕಾಣುತ್ತದೆ, ಮೋಡವಿಲ್ಲದಿದ್ದರೂ ಕಣ್ಣು ಆಕಾಶಕ್ಕೆ ಹೋಗುತ್ತದೆ. ಇಲ್ಲಿ ತಾರಸಿ ಹತ್ತಿದರೆ ತಲೆಯ ಮೇಲೆ ಆಕಾಶವೇ ಇಲ್ಲವಲ್ಲ ಎನಿಸುತ್ತದೆ.

ನಮ್ಮ ಕಡೆಯಿಂದ ಇತ್ತ ಮನೆ ಮಾಡಲು ಬರುವವರಿಗೆ ಹೇಳುತ್ತೇನೆ: ತಾರಸಿಗೆ ಶೀಟು ಹಾಕಿಸಿ, ಹಟ ಬೇಡ. ಆದರೆ ಅಳತೆ ಕೊಡುವ ಮೊದಲು ಬೆಳಿಗ್ಗೆ, ಮಧ್ಯಾಹ್ನ ಪ್ರತಿ ಕೋಣೆಯಲ್ಲಿ ನಿಂತು ಬೆಳಕು ಎಲ್ಲಿಂದ ಬರುತ್ತದೆ ನೋಡಿ. ಪಾರದರ್ಶಕ ಶೀಟನ್ನು ಮೊದಲ ಮಾತಿನಲ್ಲೇ ಸೇರಿಸಿ, ಆಮೇಲೆ ಕೇಳಿದರೆ ಬೆಲೆ ಏರುತ್ತದೆ. ಮಳೆ ನಿಂತ ಕೂಡಲೇ ಅದರ ಮೇಲಿನ ಪಾಚಿ ತಿಕ್ಕಿಸಿ. ಈ ಊರಲ್ಲಿ ಬೆಳಕನ್ನು ಒಮ್ಮೆ ಕೊಂಡರೆ ಸಾಲದು, ವರ್ಷವರ್ಷವೂ ತೊಳೆಯಬೇಕು.