ಕಾಂಬಳೆ ಅಕ್ಕೋರು ಮತ್ತು ನನ್ನ ಟರ್ಬೊ

ಗಾಡಿ ಕೆಟ್ಟಿದೆ ಎಂದು ಯಾರಾದರೂ ಬಾನೆಟ್ ಎತ್ತಿದರೆ ಕಾಂಬಳೆ ಅಕ್ಕೋರು ಮೊದಲು ಅದನ್ನು ಮುಚ್ಚಿಸುತ್ತಿದ್ದರು. ನವನಗರದ ತಮ್ಮ ಮನೆಯ ಪಡಸಾಲೆಯಲ್ಲಿ ಬಂದವನನ್ನು ಕೂಡಿಸಿ, ಇನ್ನೂರು ಪುಟದ ಒಂದು ವಹಿ ತೆಗೆದು ತೊಡೆಯ ಮೇಲಿಟ್ಟುಕೊಳ್ಳುವರು. ಆಮೇಲೆ ಪ್ರಶ್ನೆ ಶುರು. ತ್ರಾಸು ಮುಂಜಾನೆ ಹೆಚ್ಚೋ ಮಧ್ಯಾಹ್ನವೋ, ಏರಿನಲ್ಲೋ ಸಪಾಟಿನಲ್ಲೋ, ಒಬ್ಬನೇ ಇದ್ದಾಗಲೋ ಹೆಂಡತಿ ಮಕ್ಕಳು ಕೂತಾಗಲೋ. ನಾವು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವರು. ಒಬ್ಬ ಯಾರೋ ತನ್ನ ಟೆಂಪೊ ಮುನಿಸಿಕೊಂಡಿದೆ ಎಂದಿದ್ದ. ವಹಿಯಲ್ಲಿ ಅವನ ಹೆಸರಿನ ಮುಂದೆ ‘ಗಾಡಿ ಮುನಿಸಿಕೊಂಡೈತಿ’ ಎಂದೇ ಇತ್ತು.

ಸರಕಾರಿ ಐಟಿಐಯ ಡೀಸೆಲ್ ಮೆಕ್ಯಾನಿಕ್ ವಿಭಾಗದಲ್ಲಿ ಕಲಿಸುವ ಹೆಣ್ಣುಮಗಳೆಂದರೆ ಅವರೊಬ್ಬರೇ. ನಾನು ಪಿಯುಸಿಯಲ್ಲಿ ಎರಡು ಸಲ ನಪಾಸಾದ ಮೇಲೆ, ಹತ್ತಿ ವ್ಯಾಪಾರಿಯಾದ ನಮ್ಮ ಅಪ್ಪ, ಇವನಿಂದ ಜಿನ್ನಿಂಗ್ ಮಿಲ್ಲಿನ ಎಂಜಿನ್ನಾದರೂ ರಿಪೇರಿಯಾದೀತು ಎಂದು ನನ್ನನ್ನು ಅಲ್ಲಿಗೆ ಹಾಕಿದರು. ಮೊದಲ ದಿನ ಎಲ್ಲರೂ ಮೇಡಂ ಎಂದರೆ ನಾನು ಕನ್ನಡ ಸಾಲಿಯ ರೂಢಿಯಲ್ಲಿ ‘ಅಕ್ಕೋರ’ ಎಂದುಬಿಟ್ಟೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ಏನೂ ಆಗದವರಂತೆ ಓ ಎಂದರು. ಮುಂದೆ ಇಡೀ ವಿಭಾಗಕ್ಕೆ ಅವರು ಅಕ್ಕೋರೇ ಆದರು.

ತಮಾಷೆಯೆಂದರೆ ಅವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಓಡಾಟವೆಲ್ಲ ಸಿಟಿ ಬಸ್ಸಿನಲ್ಲಿ. ಯಾಕೆ ಕಲಿಯಲಿಲ್ಲ ಎಂದು ಕೇಳಿದರೆ, "ಡಾಕ್ಟರಗ ಎಲ್ಲಾ ರೋಗ ಬರಬೇಕೇನು?" ಎನ್ನುವರು.

ಆಟೋಮ್ಯಾಟಿಕ್ ಗಾಡಿಯ ಟಾರ್ಕ್ ಕನ್ವರ್ಟರ್ ಎಂದರೇನು ಎಂದು ಹೇಳಿಕೊಡಲು ಅವರು ಒಮ್ಮೆ ಮನೆಯಿಂದ ಎರಡು ಟೇಬಲ್ ಫ್ಯಾನು ಹೊತ್ತು ತಂದಿದ್ದರು. ಎದುರು ಬದುರು ಇಟ್ಟು ಒಂದನ್ನು ಚಾಲೂ ಮಾಡಿದರು. ಪ್ಲಗ್ ಹಾಕದ ಇನ್ನೊಂದು ಫ್ಯಾನು ಮೆಲ್ಲಗೆ ತಿರುಗತೊಡಗಿತು. ಒಂದು ಎಂಜಿನ್ನು, ಇನ್ನೊಂದು ಗೇರಿನ ಡಬ್ಬಿ, ನಡುವೆ ಗಾಳಿಯ ಬದಲು ಎಣ್ಣೆ ಇದ್ದರೆ ಅದೇ ಕನ್ವರ್ಟರ್ ಎಂದರು. ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಎಂಜಿನ್ನು ಯಾವ ಫ್ಯಾನು ಎಂದು ಊಟದ ಬಿಡುವಿನಲ್ಲಿ ಪಕ್ಕದವನನ್ನು ಕೇಳಿ ತಿಳಿದುಕೊಂಡೆ. ತಿಳಿಯದಿದ್ದರೂ ತಿಳಿದವನಂತೆ ತಲೆ ಆಡಿಸುವುದು ನನ್ನ ಹುಟ್ಟುಗುಣ.

ನಲವತ್ತು ದಾಟಿದ ಮೇಲೆ, ಅಪ್ಪನ ಅಂಗಡಿ ನನ್ನ ಕೈಗೆ ಬಂದು ಕೇಳುವವರಿಲ್ಲದಂತಾದಾಗ, ನನಗೆ ಕಾರಿನ ಹುಚ್ಚು ಹಿಡಿಯಿತು. ಹಳೆಯದೊಂದು ಟರ್ಬೊ ಕಾರು, ಆಟೋಮ್ಯಾಟಿಕ್ ಗೇರಿನದು, ಕೊಂಡು ತಂದೆ. ದೂರದ ಹಾಳು ಏರ್‌ಸ್ಟ್ರಿಪ್ಪೊಂದರಲ್ಲಿ ಎರಡು ಕಾರು ಒಂದೇ ಗೆರೆಯಿಂದ ಹೊರಟು ನೆಟ್ಟಗೆ ಓಡುವ ಕಾಲು ಮೈಲಿಯ ಡ್ರ್ಯಾಗ್ ರೇಸು ಇತ್ತು, ಅಲ್ಲಿಗೆ ಒಯ್ದೆ. ಹಸಿರು ದೀಪ ಹತ್ತಿತು. ಪಕ್ಕದ ಕಾರು ಹೋಯಿತು. ನನ್ನದು ನಿದ್ದೆಯಿಂದ ಎಬ್ಬಿಸಿದ ಕೂಸಿನ ಹಾಗೆ ಅಲ್ಲೇ ಒಂದಿಷ್ಟು ಹೊತ್ತು ಕೂತು, ಆಮೇಲೆ ಹೊರಟಿತು. ನೋಡುವವರು ಸಿಳ್ಳೆ ಹಾಕಿದರು.

ಎಂಜಿನ್ನಿನ ಹೊಗೆಯ ಬಲದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಫ್ಯಾನು ಟರ್ಬೊ. ನನ್ನ ಕಾರಿನಲ್ಲಿ ಅದು ಏಳಲು ತಡ ಮಾಡುತ್ತಿತ್ತು. ಯಾಕೆ ಎಂದು ಕೇಳಿದರೆ ಹತ್ತು ಮಂದಿ ಹತ್ತು ಹೇಳಿದರು. ಒಬ್ಬ ಟರ್ಬೊ ದೊಡ್ಡದಾಯಿತು ಎಂದ, ಇನ್ನೊಬ್ಬ ಸಣ್ಣದಾಯಿತು ಎಂದ, ಮೂರನೆಯವನು ಕಾರಿನ ಬಣ್ಣವೇ ನನಗೆ ಆಗಿಬರುವುದಿಲ್ಲ ಎಂದ. ತಲೆಕೆಟ್ಟು, ಇಪ್ಪತ್ತು ವರ್ಷದ ಮೇಲೆ ಅಕ್ಕೋರ ಮನೆಗೆ ಹೋದೆ. ಅವರು ಆಗಲೇ ನಿವೃತ್ತರಾಗಿ, ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವ ಮಗ ಸಿದ್ಧಾರ್ಥನ ಜೊತೆಗಿದ್ದರು. ಬಾನೆಟ್ ಎತ್ತಲು ಹೋದೆ, ಮುಚ್ಚಿಸಿದರು.

ಎರಡು ತಾಸು ಕೇಳಿ ಬರೆದುಕೊಂಡ ಮೇಲೆ ಅವರು ಹೇಳಿದ್ದು ಇಷ್ಟು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿ ಸೋರುತ್ತಿರಬೇಕು. ಇಲ್ಲವೆ ಎಂಜಿನ್ನಿನಿಂದ ಟರ್ಬೊಕ್ಕೆ ಬರುವ ಹೊಗೆ ಸೋರುತ್ತಿರಬೇಕು. ಎರಡೂ ಅಲ್ಲದಿದ್ದರೆ ಕನ್ವರ್ಟರಿನ ತಪ್ಪು. ಗೆರೆಯ ಮೇಲೆ ಬ್ರೇಕು ಒತ್ತಿ ಹಿಡಿದು ಎಕ್ಸಲರೇಟರ್ ತುಳಿದಾಗ ಎಂಜಿನ್ನಿನ ವೇಗ ಒಂದು ಮಟ್ಟಕ್ಕೆ ಏರಿ ನಿಲ್ಲುತ್ತದೆ. ಕನ್ವರ್ಟರ್ ಬಿಗಿಯಾಗಿದ್ದರೆ ಆ ಮಟ್ಟ ಕೆಳಗೇ ಉಳಿದು, ಟರ್ಬೊ ಏಳುವಷ್ಟು ಹೊಗೆ ಹುಟ್ಟುವುದಿಲ್ಲ. ಹಾಗಿದ್ದರೆ ಪೂರಾ ಸಡಿಲಿನದನ್ನೇ ಹಾಕಿಬಿಡೋಣ ಎಂದೆ. "ಹಗ್ಗ ಸಡ್ಲ ಬಿಟ್ರ ಎತ್ತು ಓಡ್ತಾವ, ಬಂಡಿ ಅಲ್ಲೇ ನಿಂತಿರ್ತೈತಿ," ಎಂದರು. ಎಂಜಿನ್ನು ಏರುವ ಆ ಮಟ್ಟ ಟರ್ಬೊ ಏಳುವ ಮಟ್ಟಕ್ಕಿಂತ ಒಂದಿಷ್ಟೇ ಮೇಲಿರಬೇಕಂತೆ. ಎಲ್ಲಕ್ಕಿಂತ ಮೊದಲು ನನ್ನಿಂದ ಒಂದು ಮಾತು ತೆಗೆದುಕೊಂಡರು: ಒಮ್ಮೆಗೆ ಒಂದೇ ಬದಲು. ಎರಡು ಔಷಧ ಕೂಡಿಸಿ ಕೊಟ್ಟರೆ ರೋಗ ಹೋದೀತು, ಯಾವುದರಿಂದ ಹೋಯಿತು ಎಂದು ಡಾಕ್ಟರಿಗೂ ತಿಳಿಯುವುದಿಲ್ಲ ಎಂದರು.

ಸುಳ್ಳದ ಹತ್ತಿರದ ನಮ್ಮ ಜಿನ್ನಿಂಗ್ ಮಿಲ್ಲಿನ ಅಂಗಳ ಉದ್ದಕ್ಕಿದೆ. ಅಲ್ಲಿ ಮೂರು ಮುಂಜಾನೆ ಪರೀಕ್ಷೆ ನಡೆಯಿತು. ಅಕ್ಕೋರು ಕಬ್ಬಿಣದ ಕುರ್ಚಿಯಲ್ಲಿ ಛತ್ರಿ ಹಿಡಿದು ಕೂತು, ನಾನು ಕೂಗಿ ಹೇಳಿದ ಮೀಟರಿನ ಮುಳ್ಳಿನ ಲೆಕ್ಕಗಳನ್ನು ಬರೆದುಕೊಂಡರು. ಮೊಣಕಾಲು ಹೋಗಿದ್ದವು, ಬಗ್ಗಲು ಆಗುತ್ತಿರಲಿಲ್ಲ. ಗಾಳಿಯ ಪೈಪುಗಳಿಗೆ ಸಾಬೂನು ನೀರು ಹಚ್ಚಿಸಿ ನೋಡಿದರು, ಗುಳ್ಳೆ ಏಳಲಿಲ್ಲ. ಆಮೇಲೆ, ಹೊಗೆ ಬರುವ ಕಡೆ ಸಂದು ಮುಚ್ಚುವ ಗ್ಯಾಸ್ಕೆಟ್ ಸುತ್ತ ಕರಿ ಮಸಿ ಕಾಣುತ್ತದೋ ನೋಡು ಎಂದು ನನಗೆ ಹೇಳಿದರು. ಅದಕ್ಕೆ ಮೇಲಿನ ತಗಡು ಬಿಚ್ಚಬೇಕು. ನಾಲ್ಕು ಬೋಲ್ಟು, ಎರಡಕ್ಕೆ ತುಕ್ಕು. ಅಷ್ಟರಲ್ಲಿ ಮಾರ್ಕೆಟ್ಟಿನಿಂದ ಫೋನು. ಬೆಳ್ಳನೆಯ ಅಂಗಿ ಬೇರೆ. ಬಾನೆಟ್ಟಿನೊಳಗೆ ತಲೆ ಹಾಕಿ, ಹೊರಗೆ ತೆಗೆದು, ಸ್ವಚ್ಛ ಇದೆ ಎಂದುಬಿಟ್ಟೆ.

"ಕಣ್ಣಿಲೆ ನೋಡಿದಿ, ಈರಣ್ಣ?"

"ಹ್ಞೂನ್ರಿ ಅಕ್ಕೋರ."

ಬರೆದುಕೊಂಡರು. ಹಾಗಾದರೆ ಕನ್ವರ್ಟರೇ ಎಂದು ತೀರ್ಮಾನವಾಯಿತು. ಎಷ್ಟು ಸಡಿಲಿನದು ಬೇಕು ಎಂಬುದನ್ನು ಅವರೇ ಲೆಕ್ಕ ಹಾಕಿ ಚೀಟಿ ಕೊಟ್ಟರು, ನಾನು ಪರಊರಿನಿಂದ ತರಿಸಿ ಹಾಕಲು ಗ್ಯಾರೇಜಿಗೆ ಕೊಟ್ಟೆ. ಸಂಜೆ ಫಿಟ್ಟರ್ ಫೋನು ಮಾಡಿ, ಗ್ಯಾಸ್ಕೆಟ್ ಸುತ್ತ ಮಸಿ ಹಿಡಿದಿದೆ, ಹೊಗೆ ಸೋರುತ್ತಿದೆ, ಏನು ಮಾಡಲಿ ಎಂದು ಕೇಳಿದ. ಅಕ್ಕೋರಿಗೆ ಹೇಳಿದರೆ ನೋಡದೆಯೇ ಹೇಳಿದ್ದು ಬಯಲಾಗುತ್ತದೆ. ಅದನ್ನೂ ಬದಲಿಸಿಬಿಡು, ಯಾರಿಗೂ ಹೇಳಬೇಡ ಎಂದೆ.

ಕಾರು ಹಾರಿತು. ಗೆರೆಯ ಮೇಲೆ ನಿಂತಲ್ಲೇ ಟರ್ಬೊ ಸಿಳ್ಳೆ ಹಾಕತೊಡಗಿತು. ಅಕ್ಕೋರನ್ನು ಮಿಲ್ಲಿಗೆ ಕರೆತಂದು ತೋರಿಸಿದೆ. ಕನ್ವರ್ಟರ್ ಬಿಟ್ಟು ಬೇರೆ ಏನಾದರೂ ಮುಟ್ಟಿದೆಯೇನು ಎಂದು ಕೇಳಿದರು. ಇಲ್ಲ ಎಂದೆ. ಅವರ ಮುಖದ ಮೇಲೆ ಅವತ್ತು ಕಂಡ ಸಂತೋಷವನ್ನು ನಾನು ಮರೆತಿಲ್ಲ. ಎಂದೂ ಗಾಡಿ ಹೊಡೆಯದ ಆ ಹೆಣ್ಣುಮಗಳು ಪಕ್ಕದ ಸೀಟಿನಲ್ಲಿ ಕೂತು, ಇನ್ನೊಂದು ಸಲ ಬಿಡು ಎಂದರು.

ಕೆಲವು ತಿಂಗಳ ಮೇಲೆ ಮುಗದದ ಬಸು ಅವರ ಹತ್ತಿರ ಬಂದ. ಅವನೂ ನಮ್ಮ ಐಟಿಐಯವನೇ, ನನಗಿಂತ ಬಹಳ ಚಿಕ್ಕವನು. ನನ್ನಂಥದೇ ಕಾರು, ಅದೇ ತ್ರಾಸು. ಗ್ಯಾಸ್ಕೆಟ್ ಹತ್ತಿರ ಒಂದಿಷ್ಟು ಮಸಿ ಇದೆ ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. ಅಕ್ಕೋರು ನನ್ನ ಪುಟ ತೆಗೆದು ನೋಡಿದರು. ಗ್ಯಾಸ್ಕೆಟ್ ಸ್ವಚ್ಛವಿದ್ದ ಗಾಡಿ ಬರೀ ಕನ್ವರ್ಟರಿನಿಂದ ಇಷ್ಟು ಸುಧಾರಿಸಿದೆ, ಆದ್ದರಿಂದ ಮೊದಲು ಕನ್ವರ್ಟರ್, ಮಸಿಯದು ಆಮೇಲೆ ನೋಡೋಣ ಎಂದರು. ಬಸು ಹಾಕಿಸಿದ. ಕಾರು ಎಳ್ಳಷ್ಟೂ ಬದಲಾಗಲಿಲ್ಲ.

ಈ ಸಂಗತಿ ನನಗೆ ಗೊತ್ತಾದದ್ದು ಸಿದ್ಧಾರ್ಥ ಫೋನು ಮಾಡಿದಾಗ. ಅವ್ವ ವಾರದಿಂದ ನನ್ನ ಪುಟ ತೆಗೆದುಕೊಂಡು ಕೂತಿದ್ದಾಳೆ ಎಂದ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಮೂರು ಸಲ ಎದ್ದು ನೋಡುತ್ತಾಳೆ, ಬಂದವರಿಗೆ ಏನೂ ಹೇಳುವುದಿಲ್ಲ, ನನ್ನನ್ನು ಕೇಳಬೇಡ್ರಿ ಎಂದು ಕಳಿಸಿಬಿಡುತ್ತಾಳೆ. ಅಕ್ಕೋರ ಒಡಹುಟ್ಟಿದ ಅಕ್ಕ ಕೊನೆಯ ವರ್ಷಗಳಲ್ಲಿ ಹೆತ್ತ ಮಕ್ಕಳ ಹೆಸರನ್ನೂ ಮರೆತಿದ್ದರಂತೆ. "ಗ್ಯಾಸ್ಕೆಟ್ ಸ್ವಚ್ಛ ಅಂತ ಈರಣ್ಣ ಹೇಳಿದ್ನೋ, ನಾನ ಮನಸಿಲೆ ಬರದ್ನೋ ಅಂತಾಳ್ರಿ ಅಣ್ಣಾರ. ಸೋಮವಾರ ತಲಿ ಡಾಕ್ಟರ ಕಡೆ ಕರಕೊಂಡು ಹೊಂಟೇನಿ," ಎಂದ.

ಒಂದು ತಗಡು ಬಿಚ್ಚದ ಆಲಸ್ಯ ಇಲ್ಲಿಯವರೆಗೆ ಹೇಗೆ ಬಂತು ಎಂದು ನನಗೆ ತಿಳಿಯಲಿಲ್ಲ. ಸುಳ್ಳು ಹೇಳಿದ್ದು ಕಾರಿನ ಬಗ್ಗೆ, ಮರೆವು ಬಂತು ಎಂದು ಹೆದರಿದ್ದು ಅವರು. ನನ್ನ ಮಾತನ್ನು ಸಂಶಯಿಸುವ ಬದಲು ಅವರು ತಮ್ಮ ತಲೆಯನ್ನೇ ಸಂಶಯಿಸಿದ್ದರು. ಭಾನುವಾರ ಮುಂಜಾನೆಯೇ ನವನಗರಕ್ಕೆ ಹೋದೆ.

ಅಕ್ಕೋರು ಸೊರಗಿ ಇಳಿದುಹೋಗಿದ್ದರು. ಕೂಡು ಎಂದೂ ಹೇಳಲಿಲ್ಲ.

"ಈರಣ್ಣ, ಖರೇ ಹೇಳು. ಆವತ್ತ ಮಿಲ್ಲಿನ್ಯಾಗ ನಾ ನಿನಗ ಗ್ಯಾಸ್ಕೆಟ್ ನೋಡು ಅಂದಿದ್ನೇನು?"

"ಅಂದಿದ್ರಿ ಅಕ್ಕೋರ."

"ನೀ ಏನಂದಿ?"

"ಸ್ವಚ್ಛ ಐತಿ ಅಂದ್ನಿ. ಆದ್ರ ನಾ ನೋಡಿರಲಿಲ್ರಿ."

ಉಳಿದದ್ದನ್ನೂ ಹೇಳಿದೆ, ಫಿಟ್ಟರನ ಫೋನು, ಬದಲಿಸಿದ ಗ್ಯಾಸ್ಕೆಟ್, ಎಲ್ಲ. ಅವರು ನನ್ನನ್ನು ನೋಡಲೇ ಇಲ್ಲ. ವಹಿಯ ಮೇಲೆ ಬೆರಳಾಡಿಸುತ್ತ ನನ್ನ ಪುಟ ಓದಿದರು, ಬಸುವಿನ ಪುಟ ಓದಿದರು, ಮತ್ತೆ ನನ್ನದಕ್ಕೆ ಬಂದರು. ಆಮೇಲೆ ಒಳಗಿದ್ದ ಮಗನನ್ನು ಕರೆದರು. "ಸಿದ್ಧಾರ್ಥ, ನಾಳಿ ದವಾಖಾನಿಗೆ ಬ್ಯಾಡಪ್ಪಾ. ನನಗೇನೂ ಆಗಿಲ್ಲ," ಎನ್ನುವಷ್ಟರಲ್ಲಿ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ನಕ್ಕರು. ನನಗೆ ಬೈಗುಳದ ನಿರೀಕ್ಷೆಯಿತ್ತು. ಅವರ ನಗು ಕಂಡು ಸಮಾಧಾನಪಡಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ನಾನೂ ಒಂದು ನಮೂನೆ ನಕ್ಕೆ. ನನ್ನೆದುರಿಗೇ ಬಸುವಿಗೆ ಫೋನು ಮಾಡಿ ಗ್ಯಾಸ್ಕೆಟ್ ಬದಲಿಸಲು ಹೇಳಿದರು. ಮಗ ಬೇಡವೆಂದರೂ ಮೊಣಕಾಲು ಹಿಡಿದುಕೊಂಡು ಎದ್ದು ತಾವೇ ಚಹಾ ಮಾಡಿ ತಂದರು.

ಹೊರಡುವಾಗ ಬಾಗಿಲತನಕ ಬಂದರು. "ನಿನ್ನ ಮ್ಯಾಲೆ ಸಿಟ್ಟಿಲ್ಲ. ಬಂದು ಹೋಗಿ ಮಾಡು, ಚಹಾ ಕುಡಿ. ಆದ್ರ ಇನ್ನ ಮ್ಯಾಲೆ ನೀ ಹೇಳಿದ್ದು ನಾ ಬರಕೊಳ್ಳೂದಿಲ್ಲ."

ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಬಸುವಿನ ಕಾರು ಗ್ಯಾಸ್ಕೆಟ್ ಬದಲಿಸಿದ ಮೇಲೆ ಚಿಗುರಿಕೊಂಡಿತು. ನನ್ನ ಕಾರು ಎದ್ದದ್ದು ಯಾವುದರಿಂದ, ಕನ್ವರ್ಟರ್ ಏನಾದರೂ ಮಾಡಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರು ಹೃದಯಾಘಾತದಿಂದ ತೀರಿಕೊಂಡರು. ಅದಕ್ಕೆ ಹದಿನೈದು ದಿನ ಮೊದಲು ಕೊನೆಯ ಸಲ ಅವರ ಮನೆಗೆ ಹೋಗಿದ್ದೆ. ಕಾರಿನಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಈ ಸಲ ಹೊಸ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಬ್ಯಾಟರಿಯ ಬೆಳಕು ಬಿಟ್ಟು, ಎರಡು ಸಲ ನೋಡಿಕೊಂಡು ಹೋಗಿದ್ದೆ. ಬಸು ಆಗಲೇ ಬಂದು ಪಡಸಾಲೆಯಲ್ಲಿ ಕೂತಿದ್ದ. ಗೇರಿನ ಡಬ್ಬಿಯ ಎಡಗಡೆ, ಪೈಪು ಕೂಡುವಲ್ಲಿ ಎಣ್ಣೆ ಒಸರಿದೆ, ಬೇರೆ ಕಡೆ ಒಣಗಿದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅಕ್ಕೋರು ಪೂರ್ತಿ ಕೇಳಿದರು. ವಹಿ ತೊಡೆಯ ಮೇಲೆ ತೆರೆದೇ ಇತ್ತು, ಪೆನ್ನು ಅಲುಗಲಿಲ್ಲ.

"ಬಸು, ಹೊರಗ ಈರಣ್ಣನ ಗಾಡಿ ಐತಿ. ಒಂದೀಟು ಬಗ್ಗಿ ನೋಡಿ ಬಾ," ಎಂದರು.

ಅವನು ನನ್ನ ಮುಖ ನೋಡಿ, ಸಂಕೋಚಪಡುತ್ತ ಎದ್ದು ಹೋದ. ಒಂದಿಷ್ಟು ಹೊತ್ತಿನ ಮೇಲೆ ಒಳಗೆ ಬಂದು, ಕೈ ಒರೆಸಿಕೊಳ್ಳುತ್ತ, ಎಡಗಡೆ ಪೈಪು ಕೂಡುವಲ್ಲಿ ಎಣ್ಣೆ ಒಸರಿದೆ, ಬೇರೆ ಕಡೆ ಒಣಗಿದೆ ಎಂದ. ಅಕ್ಕೋರು ತಲೆ ಬಗ್ಗಿಸಿ, ಅವನ ಹೆಸರು ಹಾಕಿ, ಅವನು ಹೇಳಿದ್ದನ್ನು ಬರೆದುಕೊಂಡರು.