ಶಿಶುವಿಹಾರದ ಕಿಟಕಿಯಲ್ಲಿ

ಹೊಸಬಳು ಮಕ್ಕಳಿಗೆ ಹೊಡೆಯಬಹುದು. ಹಾಲಿನ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಬಹುದು. ಬಾಗಿಲು ಹಾಕಿಕೊಂಡು ನಿದ್ದೆ ಹೊಡೆಯಬಹುದು. ಅಷ್ಟರಲ್ಲಿ ಯಾವುದಾದರೂ ಮಗು ತುಂಗಾ ನದಿಯ ಕಡೆ ನಡೆದುಬಿಡಬಹುದು. ತೀರ್ಥಹಳ್ಳಿಯ ನಮ್ಮ ಶಿಶುವಿಹಾರಕ್ಕೆ ಕೆಲಸ ಕಲಿಯಲು ಬ್ಯಾಕೋಡಿನಿಂದ ಜಲಜ ಬಂದಾಗ, ಅವಳ ಮೊದಲ ಮೂರು ದಿನಗಳ ಕಾರ್ಯಕ್ರಮ ಬರೆಯುತ್ತ ನನಗೆ ಹೊಳೆದದ್ದೆಲ್ಲ ಇಂಥವೇ. ಒಂದು ದಿನ ನೋಡುವುದು, ಒಂದು ದಿನ ಜೊತೆಗೆ ಮಾಡುವುದು, ಮೂರನೆಯ ದಿನ ಒಬ್ಬಳೇ ನಿಭಾಯಿಸುವುದು. ಎಲ್ಲದಕ್ಕೂ ಅವಳು “ಆಯ್ತು ಅಕ್ಕೋರೆ” ಎಂದದ್ದೇ ನನ್ನ ಅನುಮಾನವನ್ನು ಹೆಚ್ಚಿಸಿತು.

ಮೂರನೆಯ ದಿನ ಜಡಿಮಳೆ. ಗುರುತು ಸಿಗದಿರಲೆಂದು ಕೊಟ್ಟಿಗೆ ಕೆಲಸದ ಕಂಬಳಿ ಕೊಪ್ಪೆಯನ್ನು ತಲೆಯ ಮೇಲಿಂದ ಮೂಗಿನವರೆಗೆ ಎಳೆದುಕೊಂಡು, ಅವಳನ್ನು ಕದ್ದು ನೋಡಲು ಶಿಶುವಿಹಾರಕ್ಕೆ ಹೋದೆ. ಒಳಗೆ ಹದಿನೆಂಟು ಮಕ್ಕಳಿದ್ದರೂ ಪಿಟ್ಟೆಂಬ ಸದ್ದಿಲ್ಲ. ಏನೋ ಕುಡಿಸಿ ಮಲಗಿಸಿದ್ದಾಳೆ, ಇವತ್ತೇ ಊರಿಗೆ ಕಳಿಸಿಬಿಡುತ್ತೇನೆ ಎಂದುಕೊಂಡು ಕಿಟಕಿಯಲ್ಲಿ ಇಣುಕಿದೆ. ಎಲ್ಲರೂ ಜಲಜಳ ಸುತ್ತ ಕುಳಿತು, ಅವಳ ಅಂಗೈ ಮೇಲಿನ ಬಸವನಹುಳ ಕೊಂಬು ಹೊರಹಾಕುವುದನ್ನೇ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

ಒಂದು ಪುಟ್ಟ ಮಗು ತಲೆಯೆತ್ತಿ ನನ್ನನ್ನು ಕಂಡು “ಗುಮ್ಮ!” ಎಂದು ಕಿರುಚಿತು. ಹದಿನೆಂಟೂ ಒಟ್ಟಿಗೆ ಅಳತೊಡಗಿದವು.

“ಎಂತದೂ ಇಲ್ಲ ಮಕ್ಳೇ, ನಮ್ಮ ಅಕ್ಕೋರು” ಎಂದ ಜಲಜ ನನ್ನತ್ತ ತಿರುಗಿದಳು. “ಆ ಕೊಪ್ಪೆ ತೆಗೀರಿ ಅಕ್ಕೋರೆ, ಮುಖ ಕಾಣ್ಲಿ. ಮಕ್ಳು ಹೆದರ್ಕೊಂಡ್ವು.”

ಜಲಜ ಕೆಲಸದಲ್ಲಿ ಉಳಿದಳು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆದದ್ದು ಇಷ್ಟೇ: ತಿಂಗಳಾದರೂ ಆ ಪುಟ್ಟ ಮಗು ನನ್ನ ಕೈಯಿಂದ ಹಾಲು ಕುಡಿಯುವುದಿಲ್ಲ.