ಮೂರನೆಯ ಮಹಡಿಯ ವೇಲ್ಸ್ ಅಜ್ಜಾರು

ಆಗೆಲ್ಲ ಡ್ಯೂಸೆಲ್ಡಾರ್ಫಿನ ನಮ್ಮ ಮನೆಯಲ್ಲಿ ನವೆಂಬರಿನ ಬೆಳಗು ದೀಪ ಹಾಕಿಕೊಂಡೇ ಶುರುವಾಗುತ್ತಿತ್ತು. ಕಿಟಕಿಯಾಚೆ ಕತ್ತಲು, ಒಳಗೆ ಒಗ್ಗರಣೆಯ ವಾಸನೆ. ಆ ದಿನವೂ ಅಷ್ಟೇ. ಅವ್ವ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಅಪ್ಪ ಒಂದು ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದರು. ನಾನು ಹೀಟರಿನ ಪಕ್ಕದಲ್ಲಿ ಒಣಗಲಿಟ್ಟ ಕಾಗದದ ಕಂದೀಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಅಂದು ಸಂಜೆ ಮಾರ್ಟಿನ್ ಸಂತನ ಹಬ್ಬ. ಮಕ್ಕಳೆಲ್ಲ ಕಂದೀಲು ಹಿಡಿದು ಹಾಡುತ್ತ ಬೀದಿಯಲ್ಲಿ ಮೆರವಣಿಗೆ ಹೋಗುವ ದಿನ.

"ಮೊದ್ಲ ಅಜ್ಜಾರಿಗೆ ಚಾ ಕೊಟ್ಟು ಬಾ. ಕಂದೀಲೇನ್ ಓಡಿ ಹೋಗೂದಿಲ್ಲ," ಅಂದಳು ಅವ್ವ.

ಅಜ್ಜಾರು ಅಂದರೆ ಮೂರನೆಯ ಮಹಡಿಯ ಜೋನ್ಸ್. ವೇಲ್ಸ್ ದೇಶದವರು. ಹರೆಯದಲ್ಲಿ ಅಲ್ಲಿಯ ಚರ್ಚೊಂದರಲ್ಲಿ ಬೋಧಕರಾಗಿದ್ದವರು ಜರ್ಮನ್ ಹೆಂಗಸನ್ನು ಮದುವೆಯಾಗಿ ಇಲ್ಲಿಗೆ ಬಂದು, ಪಾಠ ಹೇಳಿ, ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ನಮ್ಮ ಹುಬ್ಬಳ್ಳಿ ಕಡೆ ಮಠದ ಸ್ವಾಮಿಗಳನ್ನು ಅಜ್ಜಾರು ಅನ್ನುತ್ತಾರಲ್ಲ, ಇವರು ಪ್ರವಚನ ಹೇಳಿದವರು ಎಂದು ತಿಳಿದ ದಿನವೇ ಅವ್ವ ಇವರಿಗೂ ಅದನ್ನೇ ಅಂಟಿಸಿಬಿಟ್ಟಳು.

ಅವರ ಕೋಣೆಯಲ್ಲಿ ಹಳೆಯ ಪುಸ್ತಕದ ಮತ್ತು ಪುದೀನಾ ಪೆಪ್ಪರಮೆಂಟಿನ ವಾಸನೆ. ತಮ್ಮ ನಾಡಿನ ದೊಡ್ಡವರ ಜೀವನಚರಿತ್ರೆಗಳನ್ನು ಬರೆಯುವುದೇ ಅವರ ಕೆಲಸ. ವೇಲ್ಸಿನಲ್ಲಿ ಅಂಥದೊಂದು ದೊಡ್ಡ ಗ್ರಂಥ ತಯಾರಾಗುತ್ತಿತ್ತಂತೆ. ಬರೆದದ್ದನ್ನು ನನಗೆ ಕಥೆಯಾಗಿ ಹೇಳುತ್ತಿದ್ದರು: ಗುಡ್ಡದ ಮೇಲೆ ನಿಂತು ಬೋಧಿಸಿದರೆ ಮಳೆ ಬಂದರೂ ಯಾರೂ ಕದಲದಂತೆ ಮಾಡುತ್ತಿದ್ದ ನೇಕಾರರ ಮಗ, ಕಣ್ಣು ಹೋದ ಮೇಲೆ ಮೊಮ್ಮಗಳಿಂದ ಓದಿಸಿಕೊಂಡು ನಿಘಂಟು ಮುಗಿಸಿದ ಪಂಡಿತ, ಶಾಲೆಯಲ್ಲಿ ಮಕ್ಕಳಿಗೆ ಅವರದೇ ಮಾತಿನಲ್ಲಿ ಕಲಿಸಬೇಕೆಂದು ಅಧಿಕಾರಿಗಳ ಬಾಗಿಲಲ್ಲಿ ಕೂತ ಹೆಂಗಸು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಂತರ ಕಥೆ ಹೇಳುತ್ತಿದ್ದರು; ಅವಕ್ಕಿಂತ ಇವೇ ನನಗೆ ಹಿಡಿಸಿದ್ದವು. ಅಜ್ಜಾರ ಕಥೆಯವರಿಗೆಲ್ಲ ನೆಗಡಿಯಾಗುತ್ತಿತ್ತು, ಸಿಟ್ಟು ಬರುತ್ತಿತ್ತು.

ಒಮ್ಮೆ ನಾನು ಇಲ್ಲಿಯ ಶಾಲೆಯಿಂದ ಅಳುತ್ತ ಬಂದೆ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ಅದರ ಅರ್ಥ ಕೇಳಿದ್ದಕ್ಕೆ ಈರುಳ್ಳಿ ಎಂದು ನಾನೇ ಹೇಳಿದ್ದೆ. ಆಮೇಲೆ ಇಡೀ ತರಗತಿ ನನ್ನನ್ನು ಕಂಡರೆ ಕಣ್ಣೊರೆಸಿಕೊಳ್ಳತೊಡಗಿತ್ತು. ಅಜ್ಜಾರು ಕೇಳಿ ನಗಲಿಲ್ಲ.

"ನಮ್ಮ ಊರಲ್ಲಿ ಎಲ್ಲರೂ ಜೋನ್ಸೇ," ಅಂದರು. "ಯಾರು ಯಾರೆಂದು ಗೊತ್ತಾಗಬೇಕಲ್ಲ? ಹಾಲಿನ ಜೋನ್ಸ್, ರೊಟ್ಟಿ ಜೋನ್ಸ್, ಅಂಚೆ ಜೋನ್ಸ್. ನಮ್ಮಪ್ಪ ಗಡಿಯಾರದ ಜೋನ್ಸ್."

ನನ್ನನ್ನು ಹುಡುಕಿಕೊಂಡು ಬಂದಿದ್ದ ಅವ್ವನಿಗೆ ಅದನ್ನು ಕನ್ನಡದಲ್ಲಿ ಹೇಳಿದಾಗ ಅವಳ ಮುಖ ಅರಳಿತು. "ಹೇಳs ಅವರಿಗೆ, ನನ್ನ ತವರಮನ್ಯಾವ್ರು ಮೆಣಸಿನಕಾಯಿ ಅಂತ. ನಮ್ಮವ್ವನ ಕಡೆಯವ್ರು ಬೆಲ್ಲದ."

ನಾನು ಅರ್ಥ ಹೇಳುತ್ತಿದ್ದಂತೆ ಅಜ್ಜಾರು ಕೆಮ್ಮು ಬರುವವರೆಗೆ ನಕ್ಕರು. "ಹಾಗಾದರೆ ಉಪ್ಪೊಂದು ಎಲ್ಲಿಂದಾದರೂ ತನ್ನಿ, ಅಡುಗೆ ಮುಗಿಯಿತು!"

ಅಂದಿನಿಂದ ನಾನು ಹೆಸರು ಮುಚ್ಚಿಡಲಿಲ್ಲ.

ಅಜ್ಜಾರಿಗೆ ಒಂದೇ ಒಂದು ವಿಷಯ ಚುಚ್ಚುತ್ತಿತ್ತು. ಕೆಳಮನೆಯ ಕ್ರೂಜೆ ಬಾಯಾರು, ಮೆಟ್ಟಿಲು ಒರೆಸುವ ಪಾಳಿಯನ್ನು ಎಲ್ಲರಿಗೂ ನೆನಪಿಸುವ ಹೆಂಗಸು, ಅವರನ್ನು 'ಇಂಗ್ಲಿಷಿನವರು' ಅನ್ನುತ್ತಿದ್ದರು. ಅಜ್ಜಾರು ಪ್ರತಿಸಲವೂ ಟೋಪಿ ತೆಗೆದು, "ವೇಲ್ಸಿನವನು, ತಾಯಿ," ಅನ್ನುವರು. ಬಾಯಾರು, "ಹೌದು ಹೌದು," ಅನ್ನುವರು. ಮರುದಿನ ಮತ್ತೆ ಅದೇ. ನನಗದು ಇಬ್ಬರ ಆಟವೆಂದೇ ಅನಿಸಿತ್ತು. ಆ ಶರತ್ಕಾಲದಲ್ಲಿ ಅಜ್ಜಾರಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಚಳಿಗೆಂದು ಬಾಲ್ಕನಿಯ ಜೆರೇನಿಯಂ ಕುಂಡಗಳನ್ನು ಮೆಟ್ಟಿಲ ಕಿಟಕಿಗೆ ಸಾಗಿಸುವಾಗ ನಾನೇ ಕೈಜೋಡಿಸಿದೆ. ಏದುಸಿರು ಬಿಡುತ್ತ ಕೂತವರನ್ನು ಕೇಳಿದೆ, "ನಿಮ್ಮ ಚರಿತ್ರೆ ಯಾರು ಬರೀತಾರೆ?"

"ಅದರೊಳಗೆ ದೊಡ್ಡ ಕೆಲಸ ಮಾಡಿದವರಿಗಷ್ಟೇ ಜಾಗ ಮಗೂ. ನಾನು ಬರೆದವನು." ಕುಂಡದಿಂದ ಒಂದು ಒಣಗಿದ ಎಲೆ ಕಿತ್ತು, "ನಾನಿಲ್ಲದಾಗ ಕೆಳಮನೆಯ ಆ ತಾಯಿಗೆ ನಾನು ವೇಲ್ಸಿನವನೆಂದು ನೀನು ಹೇಳುತ್ತಿರಬೇಕು, ಆಯಿತಾ? ಅಷ್ಟಾದರೆ ಸಾಕು," ಅಂದರು. ಕಣ್ಣು ಮಿಟುಕಿಸಿದರು, ಧ್ವನಿಯಲ್ಲಿ ಮಾತ್ರ ತಮಾಷೆ ಇರಲಿಲ್ಲ.

ಆ ಹಬ್ಬದ ಬೆಳಿಗ್ಗೆ ಅಜ್ಜಾರ ಬಾಗಿಲ ಗಂಟೆ ಒತ್ತಿದೆ. ಒಳಗೆ ದಿನವೂ ಕೇಳುವ ರೇಡಿಯೋ ಸದ್ದಿಲ್ಲ. ಮತ್ತೆ ಒತ್ತಿದೆ. ಚಾ ತುಂಬಿದ ಥರ್ಮಾಸನ್ನು ಕಾಲೊರಸಿನ ಮೇಲಿಟ್ಟು ಕೆಳಗೆ ಓಡಿದೆ. ಅಪ್ಪ ಕೈಯಲ್ಲಿ ಕಾಲುಚೀಲ ಹಿಡಿದುಕೊಂಡೇ ಕಟ್ಟಡದ ಮೇಲ್ವಿಚಾರಕನನ್ನು ಕರೆಯಲು ಹೋದರು. ಬಾಗಿಲು ತೆರೆಯುವ ಮೊದಲೇ ಅವ್ವ ನನ್ನನ್ನು ಶಾಲೆಗೆ ಎಳೆದುಕೊಂಡು ಹೋದಳು. ಮಧ್ಯಾಹ್ನ ಬಂದಾಗ ಅವಳು ಸ್ವಚ್ಛವಾಗಿಯೇ ಇದ್ದ ಒಲೆಯನ್ನು ತಿಕ್ಕುತ್ತಿದ್ದಳು.

"ಅಜ್ಜಾರು ಹೋದರು, ಪುಟ್ಟಿ. ನಿದ್ದ್ಯಾಗs."

ಉಪ್ಪಿಟ್ಟು ಬೋಗುಣಿಯಲ್ಲಿ ಹಾಗೇ ಗಟ್ಟಿಯಾಗಿತ್ತು. ಯಾರೂ ಮುಟ್ಟಿರಲಿಲ್ಲ.

ಈಗ ನಾನು ಬರ್ಲಿನ್ನಿನಲ್ಲಿದ್ದೇನೆ. ಬಾಗಿಲ ಗಂಟೆಯ ಮೇಲೆ ಗಂಡನ ಹೆಸರು. ಯಾರನ್ನೂ ನಗಿಸದ, ಯಾರೂ ಅರ್ಥ ಕೇಳದ ಹೆಸರು. ಕನ್ನಡದಲ್ಲಿ ಕರೆದರೆ ಮಕ್ಕಳು ಜರ್ಮನ್ನಿನಲ್ಲಿ ಓಗೊಡುತ್ತಾರೆ. "ಮನೆಯಲ್ಲಿ ಇಂಡಿಯನ್ ಭಾಷೆ ಮಾತಾಡ್ತೀರಾ?" ಎಂದು ಪಾರ್ಕಿನಲ್ಲಿ ಯಾರಾದರೂ ಕೇಳಿದರೆ ತಿದ್ದುತ್ತೇನೆ. ಪ್ರತಿಸಲ ತಿದ್ದುತ್ತೇನೆ. ಆದರೆ ಟೋಪಿ ತೆಗೆದು ನಗುನಗುತ್ತ ಹೇಳುವ ಆ ತಾಳ್ಮೆ ನನಗೆ ಬರಲಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂದರೆ ಕೆಮ್ಮು ಬರುವಷ್ಟು ನಗುವವರು ಆಮೇಲೆ ಯಾವ ಮಹಡಿಯಲ್ಲೂ ಸಿಗಲಿಲ್ಲ. ಅಜ್ಜಾರು ಬರೆದ ದೊಡ್ಡವರೆಲ್ಲ ಯಾವುದೋ ಗ್ರಂಥಾಲಯದಲ್ಲಿ ಇದ್ದಾರು. ಅಜ್ಜಾರ ಬಗ್ಗೆ ಬರೆದದ್ದು ನಾನು ಎಲ್ಲೂ ಕಂಡಿಲ್ಲ.

ಅಜ್ಜಾರು ಹೋದ ಆ ಸಂಜೆ ಅವ್ವ ನನ್ನನ್ನು ಮೆರವಣಿಗೆಗೆ ಹೊರಡಿಸಿದಳು, ಮಗು ಮನೆಯಲ್ಲಿ ಕೂತು ಅಳುವುದು ಬೇಡವೆಂದು. ಕಂದೀಲಿನಿಂದ ಇನ್ನೂ ಅಂಟಿನ ವಾಸನೆ ಬರುತ್ತಿತ್ತು. ಹೊರಗೆ ಮಕ್ಕಳ ಹಾಡು ಹತ್ತಿರವಾಗುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಕ್ರೂಜೆ ಬಾಯಾರು ಕಸಬರಿಗೆ ಹಿಡಿದು ಜೆರೇನಿಯಂ ಕುಂಡಗಳ ಮುಂದೆ ನಿಂತಿದ್ದರು. ನನ್ನ ಕಂದೀಲನ್ನು ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಉದುರಿದ ಎಲೆಗಳನ್ನು ಗುಡಿಸುತ್ತಲೇ ಅವ್ವನಿಗೆ ಹೇಳಿದರು:

"ಈ ಕುಂಡ ಬೇಕಿದ್ರೆ ನೀವೇ ತಗೊಂಡುಬಿಡಿ. ಆ ಇಂಗ್ಲಿಷಿನವರಿಗೆ ಇನ್ನು ಯಾಕೆ?"